ಚಹಾದಂಗಡಿಯ ಮುಂದೆ ಆಡಿದ ಕನ್ನಡ

ಸಂತೋಷ ಹೆಚ್ಚಾದರೆ ಕೆಲವರಿಗೆ ಕಣ್ಣಲ್ಲಿ ನೀರು ಬರುತ್ತದೆ. ನನಗೆ ನಾಲಿಗೆ ತುರಿಸುತ್ತದೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ಮಾತು ತೂಗಿ ಆಡಲು ಬರುವುದಿಲ್ಲ. ಅದರಲ್ಲೂ ಕಳೆದ ಭಾನುವಾರ ಮೊಮ್ಮಗಳು ಪಲ್ಲವಿ, ಹೈದರಾಬಾದಿನ ಮಾದಾಪುರದ ಆಫೀಸಿನ ಗೆಳತಿಯರನ್ನೆಲ್ಲ ಬಿಟ್ಟು, ಈ ಮುದುಕಿಯನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹಳ್ಳಿ ದಾರಿ ಸುತ್ತಿಸಲು ಹೊರಟಳು! ಸೊಸೆ ಬಾಗಿಲಲ್ಲೇ ಎಚ್ಚರಿಸಿದಳು: "ಅತ್ತಿಯವರ ಬಾಯಿ ನೀನ ಸಂಭಾಳಿಸು, ಪಲ್ಲವಿ." ಪಲ್ಲವಿ ನಕ್ಕು, "ಅಜ್ಜಿ, ಇವತ್ತು ಶಾಣ್ಯಾಕಿ ಹಂಗ ಇದ್ರ ಮುಂದಿನ ತಿಂಗಳ ಬೀದರಿಗೂ ಕರಕೊಂಡು ಹೋಗ್ತೀನಿ" ಎಂದಳು. ಬೀದರಿನಲ್ಲಿ ನನ್ನ ತಂಗಿ ಇದ್ದಾಳೆ. ನಾನು ಮೋಟರ್‌ಸೈಕಲ್ಲಿನಿಂದ ಇಳಿಯುವುದನ್ನು ಅವಳು ಕಣ್ಣಾರೆ ನೋಡಬೇಕು. ನನಗೆ ಬೇರೆ ಆಸೆಯೇ ಉಳಿದಿಲ್ಲ.

ಚೇವೆಳ್ಳದ ಆಲದ ಮರಗಳ ನೆರಳು, ವಿಕಾರಾಬಾದಿನ ಗುಡ್ಡ, ಆಮೇಲೆ ಎತ್ತಿನ ಗಾಡಿಯಷ್ಟೇ ಅಗಲದ ದಾರಿ, ಎರಡೂ ಕಡೆ ತೊಗರಿ ಹೂವು. ಶಿರಸ್ತ್ರಾಣದೊಳಗೆ ನನ್ನ ತುರುಬು ಬಿಚ್ಚಿಹೋಗಿತ್ತು, ಆದರೂ ರಾಣಿಯ ಹಾಗೆ ಕೂತಿದ್ದೆ. ತಾಂಡೂರು ಇನ್ನೂ ಮುಂದಿರುವಾಗ ಬೇವಿನ ಮರದಡಿಯ ಗುಡಿಸಿಲಲ್ಲಿ ಚಹಾಕ್ಕೆ ನಿಂತೆವು. ಪಲ್ಲವಿ ತೆಲುಗಿನಲ್ಲಿ ಕೇಳಿದಳು, ಅಂಗಡಿಯ ಹೆಂಗಸು ತೆಲುಗಿನಲ್ಲೇ ಉತ್ತರಿಸಿ ಎರಡು ಗ್ಲಾಸು ತಂದಿಟ್ಟಳು.

ಇಲ್ಲೊಂದು ಮಾತು ಹೇಳಬೇಕು. ಹೈದರಾಬಾದಿನಲ್ಲಿ ನಮ್ಮಂಥವರ ಮನೆಗೆ ಕನ್ನಡವೆಂದರೆ ಬೀಗ ಹಾಕಿದ ಪೆಟ್ಟಿಗೆ. ಬೇಗಂ ಬಜಾರಿನಲ್ಲಿ ಸೇಠನ ಜೊತೆ ಹಿಂದಿಯಲ್ಲಿ ನಗುನಗುತ್ತಾ ಚೌಕಾಸಿ ಮಾಡುತ್ತಲೇ, ಸೊಸೆಗೆ ಕನ್ನಡದಲ್ಲಿ "ಹುಣಸಿಹಣ್ಣಿಗೆ ಹುಳ ಬಿದ್ದಾವ, ನಡಿ" ಎಂದು ಅವನೆದುರೇ ಹೇಳಿಬಿಡುತ್ತೇನೆ. ಮೂವತ್ತು ವರ್ಷದಲ್ಲಿ ಒಬ್ಬನಿಗೂ ತಿಳಿದಿಲ್ಲ.

ಅದೇ ಧೈರ್ಯದಲ್ಲಿ ಒಂದು ಗುಟುಕು ಕುಡಿದು ಅಂದೆ: "ಇದೇನ ಚಹಾ ಏನ, ಪಾತ್ರಿ ತೊಳೆದ ನೀರು! ಆಕಿ ಮಾರಿ ನೋಡ, ಬೇವಿನಕಾಯಿ ಕಡದಂಗ. ಪಾಪ, ಗಂಡ ಹ್ಯಾಂಗ ಬಾಳ್ವೆ ಮಾಡತಾನೋ."

"ಅಜ್ಜಿ, ಸುಮ್ನಿರ."

"ಆಕಿಗೇನ ತಿಳೀತೈತಿ ಬಿಡ."

ಹೆಂಗಸು ಬಂದು ಗ್ಲಾಸು ಎತ್ತಿಕೊಂಡಳು. "ಪುಡಿ ಕಡಿಮಿ ಬಿದ್ದೈತ್ರಿ ಅವ್ವಾರ, ಖರೇ. ಇನ್ನೊಮ್ಮಿ ಕುದಸ್ತೀನಿ. ಮಾರಿ ನಮ್ಮವ್ವ ಕೊಟ್ಟದ್ದು, ಅದಕ್ಕೇನ ಮಾಡ್ಲಿ?"

ಅವಳ ತವರು ಚಿಂಚೋಳಿಯಂತೆ. ಇಷ್ಟು ಪಡುವಣಕ್ಕೆ ಬಂದರೆ ಗಡಿಯಾಚೆಯ ಕನ್ನಡದ ಹೆಣ್ಣುಗಳು ಈಚೆಗೆ ಸೊಸೆಯಾಗಿ ಬಂದಿರುತ್ತಾರೆಂಬ ಬುದ್ಧಿ ನನಗೆ ಬೇಡವೇ? ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಹೊರಸಿನ ಮೇಲೆ ಮಲಗಿದ್ದ ಅವಳ ಗಂಡನಿಗೆ ಕನ್ನಡ ಬಾರದು, ಏನಾಯಿತೆಂದು ಕೇಳಿದ. ಆ ಪುಣ್ಯಾತ್ಗಿತ್ತಿ ನಾನಂದದ್ದನ್ನೆಲ್ಲ, ಬೇವಿನಕಾಯಿಯ ಸಮೇತ, ತೆಲುಗಿನಲ್ಲಿ ತಿಳಿಸಿ ಹೇಳಿದಳು. ಅವನು ಎದ್ದು ಕೂತು, ನನಗೆ ಕೈಮುಗಿದು, ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡನೆಯ ಚಹಾ ಅಮೃತದ ಹಾಗಿತ್ತು. "ತಪ್ಪಾತವ್ವಾ" ಅಂದದ್ದು ನನಗೇ ಕೇಳಿಸಲಿಲ್ಲ.

ವಾಪಸು ದಾರಿಯಲ್ಲಿ ಪಲ್ಲವಿ ತುಟಿ ಬಿಚ್ಚಲಿಲ್ಲ. ಬೀದರು ಹೋಯಿತು ಎಂದುಕೊಂಡೆ. ನೋಡುತ್ತೇನೆ, ಅವಳ ಭುಜ ಕುಣಿಯುತ್ತಿದೆ. ಗಾಡಿ ನಿಲ್ಲಿಸಿ ಕಣ್ಣೊರೆಸಿಕೊಂಡು ನಕ್ಕಳು. "ಬೀದರಿಗೆ ಹೋಗೂಣು ಅಜ್ಜಿ. ಅಲ್ಲಿ ಎಲ್ಲಾರಿಗೂ ಕನ್ನಡ ಬರತೈತಿ. ನೀ ಹ್ಯಾಂಗ ಬಾಯಿ ಮುಚಗೊಂಡಿರ್ತಿ, ನಾನೂ ನೋಡ್ತೀನಿ."

ಅಂದಿನಿಂದ ಅಭ್ಯಾಸ ಶುರು ಮಾಡಿದ್ದೇನೆ. ನಿನ್ನೆ ಸೊಸೆ ಬಡಿಸಿದ ಸಾರಿನಲ್ಲಿ ಒಂದು ಕೊಂಕೂ ತೆಗೆಯದೆ ಊಟ ಮುಗಿಸಿ ಎದ್ದೆ. ಅವಳು ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿ, ಡಾಕ್ಟರನ್ನು ಕರೆಸಲು ಮಗನಿಗೆ ಫೋನು ಮಾಡಿದಳು.