ಸೆಕೆಂಡಿಗೆ ಇನ್ನೂರ ಎಂಬತ್ತು ಕೋಟಿ

“ನಾನಿರೋ ಮನೇಲಿ ಗುಲಗಂಜಿಯಷ್ಟೂ ಮೋಸ ನಡೆಯಕೂಡದು!”

ಶನಿವಾರ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ರಾಜದಂಡದ ಹಾಗೆ ಮೇಲೆತ್ತಿ ಅಳತೆ ಸಾಹೇಬರು ಹೀಗೆ ಘೋಷಿಸಿದಾಗ, ಬಾಯಲ್ಲಿದ್ದ ನೊರೆಯೆಲ್ಲ ಹಾರಿ ಕನ್ನಡಿಗೆ ಬಿತ್ತು. ಘೋಷಣೆ ಮುಗಿಸಿ ಅವರೇ ಒರೆಸಿದರು.

ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಆ ಇಲಾಖೆಯಲ್ಲಿ ತೂಕಡಿಸುವವರು ಬೇಕಾದಷ್ಟು ಜನ ಇದ್ದಾರೆ, ತೂಗುವವರು ಇವರೊಬ್ಬರೇ ಎಂದು ಅವರೇ ಹೇಳಿಕೊಳ್ಳುತ್ತಾರೆ. ಇಬ್ಬರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಒಬ್ಬ, ತಕ್ಕಡಿ ಮುಟ್ಟದೆ ಕಣ್ಣಳತೆಯಲ್ಲಿ ಸುರಿದು ಕೊಡುವ ವ್ಯಾಪಾರಿ. ಇನ್ನೊಬ್ಬ, ಕಂಪನಿ ಹಚ್ಚಿದ ಚೀಟಿಯ ಮೇಲೆ ತನ್ನದೊಂದು ಚೀಟಿ ಅಂಟಿಸಿ ಕೂರುವ ವ್ಯಾಪಾರಿ. ನಿನ್ನೆಯಷ್ಟೇ ಅಂಥವನೊಬ್ಬನ ಅಂಗಡಿಗೆ ನುಗ್ಗಿ, ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು, ಒಳಗಿನ ಸತ್ಯವನ್ನು ಬಯಲಿಗೆಳೆದು ಬಂದಿದ್ದರು. ಆ ಪರಾಕ್ರಮವನ್ನು ಊಟದ ಹೊತ್ತಿಗೆ ಎಷ್ಟು ಸಲ ಹೇಳಿದ್ದರೆಂದರೆ, ಜೊತೆಯಲ್ಲೇ ಇರುವ ಅವರ ಅತ್ತೆಗೆ ಅದು ಬಾಯಿಪಾಠವಾಗಿತ್ತು.

ಇವತ್ತಿನ ಘೋಷಣೆಗೆ ಕಾರಣ ಹೆಂಡತಿಯ ಲ್ಯಾಪ್‌ಟಾಪು. ಆಕೆ ತಾರಾಲಯಕ್ಕೆ ಚಲಿಸುವ ಚಿತ್ರಗಳನ್ನು ಮಾಡಿಕೊಡುವವರು. ಧೂಳಿನ ಮೋಡವೊಂದು ಕುಗ್ಗಿ ಕುಗ್ಗಿ ನಕ್ಷತ್ರವಾಗುವುದನ್ನು ತೋರಿಸುವ ಪುಟ್ಟ ಸಿನಿಮಾಕ್ಕಾಗಿ ವರ್ಷವಿಡೀ ದುಡಿದಿದ್ದರು. ಭಾನುವಾರ ಸಂಜೆ ಶಾಲಾಮಕ್ಕಳ ಮುಂದೆ ಮೊದಲ ಪ್ರದರ್ಶನ. ಚಿತ್ರವೆಲ್ಲ ಬರೆದಾಗಿತ್ತು. ಬಿಡಿ ಚಿತ್ರಗಳನ್ನೆಲ್ಲ ಸೇರಿಸಿ ಒಂದು ಸಿನಿಮಾ ಮಾಡುವ ಕೆಲಸ ಮಾತ್ರ ಲ್ಯಾಪ್‌ಟಾಪಿನದು. ಒಂದು ರಾತ್ರಿಯ ಕೆಲಸ. ಅದನ್ನು ಕೆಲಸಕ್ಕೆ ಹಚ್ಚಿ ಮಲಗಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ‘ಇನ್ನೂ ಮೂರು ದಿನ ಬೇಕು’ ಎಂದಿತ್ತು!

“ನಾಳೆ ಸಂಜೆ ಮಕ್ಕಳು ಬರ್ತಾರೆ ರೀ! ನಕ್ಷತ್ರ ಮಂಗಳವಾರ ಹುಟ್ಟಿದ್ರೆ ನಾನು ಏನು ತೋರಿಸ್ಲಿ? ನಿಮ್ದು ಆಗ್ಲಿಲ್ಲ ಅಂದ್ರೆ ಹಳೇ ಸಿನಿಮಾನೇ ಹಾಕ್ಬಿಡ್ತೀವಿ ಅಂತ ತಾರಾಲಯದವರು ಅಂದಿದಾರೆ. ಒಂದು ವರ್ಷದ ಕೆಲಸ ಕಣ್ರೀ…”

ಆಕೆಯ ಕಣ್ಣು ತುಂಬಿ ಬಂದವು.

“ನಿನ್ನೆ ಸಂಜೆ ವೈರೆಲ್ಲ ಬಿಚ್ಚಿ ಹರವಿಕೊಂಡು ಕೂತಿದ್ರಲ್ಲ, ಅದರಿಂದೇನಾದ್ರೂ…” ಎಂದು ಆಕೆ ಮೆಲ್ಲಗೆ ಕೇಳಿದರು.

“ನೋಡಮ್ಮಾ! ಹಾವಿನ ಗೂಡಿನ ಥರ ಇದ್ದ ವೈರುಗಳ ಸಿಕ್ಕು ಬಿಡಿಸಿ, ಚಾರ್ಜರಿಗೆಲ್ಲ ದಪ್ಪಕ್ಷರದಲ್ಲಿ ‘ಮೇಡಂ’, ‘ಸಾಹೇಬರು’ ಅಂತ ಚೀಟಿ ಅಂಟಿಸಿ ವ್ಯವಸ್ಥೆ ಮಾಡಿದ್ದಕ್ಕೆ ಇದಾ ಬಹುಮಾನ? ನೀನು ಸುಮ್ನೆ ಕೂತ್ಕೋ. ಇದು ನನ್ನ ಇಲಾಖೆ ಕೇಸು!”

ಸಾಹೇಬರು ಕನ್ನಡಕ ಏರಿಸಿ ಕೂತರು. ಲ್ಯಾಪ್‌ಟಾಪಿನ ಮೈಮೇಲಿದ್ದ ಚೀಟಿಯಲ್ಲಿ 2.80 ಗಿಗಾಹರ್ಟ್ಸ್ ಎಂದಿತ್ತು. ಪರದೆಯಲ್ಲಿ ತೋರಿಸುತ್ತಿದ್ದ ವೇಗ 0.39.

“ಏನೇ ಇದು ಗಿಗಾ? ಲೀಟರಾ, ಮೀಟರಾ?”

“ಒಳಗಿರೋ ಪ್ರೊಸೆಸರ್‌ನ ವೇಗ ರೀ. ಸೆಕೆಂಡಿಗೆ ಇನ್ನೂರ ಎಂಬತ್ತು ಕೋಟಿ ಸಲ ಮಿಡಿಯುತ್ತೆ ಅಂತ.”

“ಸೆಕೆಂಡಿಗೆ?”

“ಹೂಂ.”

“ಕೋಟಿ?”

“ಹೂಂ ಅಂದೆನಲ್ಲ.”

ಸಾಹೇಬರು ಹಾಗೇ ಕುರ್ಚಿಗೆ ಒರಗಿದರು. ಹಾಲು ಅಳೆದಿದ್ದರು, ಎಣ್ಣೆ ಅಳೆದಿದ್ದರು, ಚಿನ್ನವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗದಂತೆ ತೂಗಿದ್ದರು. ಆದರೆ ‘ಅಯ್ಯೋ’ ಎನ್ನುವಷ್ಟರಲ್ಲಿ ಇನ್ನೂರ ಎಂಬತ್ತು ಕೋಟಿ ಸಲ ಮಿಡಿಯುವ ವಸ್ತು ತಮ್ಮದೇ ಊಟದ ಮೇಜಿನ ಮೇಲೆ, ಕಾಫಿ ಲೋಟದ ಪಕ್ಕದಲ್ಲಿ, ಸದ್ದಿಲ್ಲದೆ ಕೂತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಮ್ಮೆ ಕಣ್ಣು ಮಿಟುಕಿಸಿದರು. ಕೋಟಿಗಟ್ಟಲೆ ಹೋಯಿತು! ಮತ್ತೊಮ್ಮೆ ಮಿಟುಕಿಸಿದರು. ಇನ್ನಷ್ಟು ಕೋಟಿ! ರೋಮಾಂಚನವಾಗಿ ಕೈ ಮೇಲಿನ ಕೂದಲು ನಿಂತುಕೊಂಡವು. ಒಂದು ನಿಮಿಷ ಕಳೆದ ಮೇಲೆ ಇಲಾಖೆ ನೆನಪಾಯಿತು.

“ಹಾಗಾದ್ರೆ ಈಗ ಮಿಡೀತಿರೋದು ಮೂವತ್ತೊಂಬತ್ತು ಕೋಟಿ. ಮಿಕ್ಕಿದ್ದು ಇನ್ನೂರ ನಲವತ್ತೊಂದು ಕೋಟಿ ಎಲ್ಲಿ? ಹಗಲು ದರೋಡೆ!”

ಕೂಡಲೇ ಲ್ಯಾಪ್‌ಟಾಪು ಕಂಪನಿಯ ಸಹಾಯವಾಣಿಗೆ ಫೋನು ಹೋಯಿತು.

“ಚೀಟಿಲಿ ಬರೆದಿರೋದು 2.80. ಕೊಡ್ತಿರೋದು 0.39. ಇದಕ್ಕೆ ನಿಮ್ಮ ವಿವರಣೆ ಏನು?”

“ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ ಸರ್,” ಎಂದಳು ಆ ಕಡೆಯ ಹುಡುಗಿ.

“ಆಫ್ ಮಾಡಿದ್ರೆ ರಾತ್ರಿಯಿಡೀ ಮಾಡಿದ ಕೆಲಸ ನೀರಲ್ಲಿ ಹೋಮ ಆಗುತ್ತಮ್ಮಾ!”

“ಹಾಗಾದ್ರೆ ಬಿಸಿ ಆಗಿರಬಹುದು ಸರ್. ಬಿಸಿಯಾದ್ರೆ ನಿಧಾನ ಆಗುತ್ತೆ. ಗಾಳಿ ಆಡೋ ಹಾಗೆ ಇಡಿ ಸರ್.”

ಗಾಳಿ ಆಡಿದರೆ ಸಾಲದು, ಬಿರುಗಾಳಿಯೇ ಏಳಬೇಕು ಎಂದು ಸಾಹೇಬರು ತೀರ್ಮಾನಿಸಿದರು. ಟೇಬಲ್ ಫ್ಯಾನು ಬಂತು. ಫ್ರೀಜರಿನಿಂದ ಬಟಾಣಿಯ ಎರಡು ಪೊಟ್ಟಣ ಬಂದವು. ಲ್ಯಾಪ್‌ಟಾಪನ್ನು ಬಟಾಣಿಯ ಮೇಲೆ ಪಟ್ಟಾಭಿಷೇಕ ಮಾಡಿ ಕೂರಿಸಿ, ಫ್ಯಾನನ್ನು ಪೂರ್ತಿ ವೇಗಕ್ಕೆ ತಿರುಗಿಸಿದರು.

“ರೀ, ಏನ್ರೀ ಇದು? ನಕ್ಷತ್ರಕ್ಕೆ ನೆಗಡಿ ಆಗುತ್ತೆ!” ಎಂದು ಹೆಂಡತಿ ಚೀರಿದರು.

“ತಣ್ಣಗಾಗ್ಲಿ, ತಣ್ಣಗಾಗ್ಲಿ! 0.39… ಇನ್ನೂ 0.39… ಎಂಥ ಹಟ ನೋಡು ಇದರದ್ದು!”

ಪಕ್ಕದ ಸೋಫಾದಲ್ಲಿ ಅತ್ತೆ ಸ್ವೆಟರ್ ಹೆಣೆಯುತ್ತ ಕೂತಿದ್ದರು. ಅವರ ಮಂಡಿನೋವಿಗೆ ಲ್ಯಾಪ್‌ಟಾಪಿನ ಚಾರ್ಜರ್ ಡಬ್ಬಿಯೇ ಔಷಧ. ಕೆಲಸ ನಡೆಯುವಾಗ ಅದು ಸ್ವಲ್ಪ ಬೆಚ್ಚಗಾಗುವುದನ್ನು ಕಂಡುಹಿಡಿದು, ಮಗಳು ಲ್ಯಾಪ್‌ಟಾಪು ತೆರೆದಾಗಲೆಲ್ಲ ಅದನ್ನು ಮಂಡಿಯ ಮೇಲೆ ಇಟ್ಟುಕೊಂಡು ಶಾಲು ಹೊದೆಯುತ್ತಿದ್ದರು. ಈಗ ಸಾಹೇಬರ ಬಿರುಗಾಳಿಗೆ ಅವರ ಉಣ್ಣೆಯ ಉಂಡೆ ಉರುಳಿ ನೆಲಕ್ಕೆ ಬಿತ್ತು. ಇತ್ತ ಬಟಾಣಿ ಕರಗಿ ನೀರು ಮೇಜಿನ ಅಂಚಿಗೆ ಹರಿಯತೊಡಗಿತು. ಅಂಚಿನ ಕೆಳಗೇ ಕರೆಂಟಿನ ಪ್ಲಗ್ಗು ಇದೆ ಎಂದು ಹೊಳೆದ ಸಾಹೇಬರು “ಬಟ್ಟೆ! ಬಟ್ಟೆ!” ಎಂದು ಓಡಿದರು. ಕಾಲಿಗೆ ಉಣ್ಣೆ ಸುತ್ತಿಕೊಂಡಿತು. ಮುಗ್ಗರಿಸಿ ಕೈ ಚಾಚಿದರೆ ಸಿಕ್ಕಿದ್ದು ಚಾರ್ಜರಿನ ವೈರು. ವೈರು ಲ್ಯಾಪ್‌ಟಾಪಿನಿಂದ ಕಿತ್ತು ಬಂತು, ಡಬ್ಬಿ ಅತ್ತೆಯ ಮಂಡಿಯಿಂದ ಹಾರಿತು, ಸಾಹೇಬರು ಅಂಗಾತ ಬಿದ್ದರು.

“ಅಯ್ಯೋ ನನ್ನ ಶಾಖ!” ಎಂದರು ಅತ್ತೆ.

“ಅಯ್ಯೋ ನನ್ನ ನಕ್ಷತ್ರ!” ಎಂದರು ಹೆಂಡತಿ.

ಅಯ್ಯೋ ನನ್ನ ಗಂಡ ಎಂದು ಯಾರೂ ಅನ್ನಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಹೆಂಡತಿ ಪರದೆಯನ್ನೇ ನೋಡುತ್ತ ಬೊಂಬೆಯಂತೆ ನಿಂತುಬಿಟ್ಟಿದ್ದರು.

“ರೀ… 2.80!”

ಸಾಹೇಬರು ಮಲಗಿದಲ್ಲಿಂದಲೇ ಕತ್ತೆತ್ತಿದರು. ನಿಜ! ವೈರು ಕಿತ್ತುಹೋಗಿ ಬರೀ ಬ್ಯಾಟರಿಯ ಮೇಲೆ ಲ್ಯಾಪ್‌ಟಾಪು ಬಾಣದಂತೆ ಓಡುತ್ತಿತ್ತು.

“ನೋಡಿದ್ಯಾ ಬಟಾಣಿ ಮಹಿಮೆ!” ಎಂದು ಎದ್ದು, ಸೊಂಟ ಹಿಡಿದುಕೊಂಡು, ವೈರನ್ನು ಮತ್ತೆ ಸಿಕ್ಕಿಸಿದರು. 0.39. ತೆಗೆದರು. 2.80. ಸಿಕ್ಕಿಸಿದರು. 0.39.

ಸಾಹೇಬರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಊಟ ಹಾಕಿದರೆ ಕುಂಟುವ, ಉಪವಾಸ ಕೆಡವಿದರೆ ಓಡುವ ಪ್ರಾಣಿಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಇದೇನು ಯಂತ್ರವೋ, ತಪಸ್ವಿಯೋ?

“ಹಾಗೇ ಬ್ಯಾಟರಿ ಮೇಲೇ ಬಿಡೋಣ,” ಎಂದರು ಭಕ್ತಿಯಿಂದ.

“ಬ್ಯಾಟರಿ ಮುಕ್ಕಾಲು ಗಂಟೆನೂ ಬರಲ್ಲ ರೀ!”

“ಹಾಗಾದ್ರೆ ನಮ್ಮನೆಗೆ ಬರೋ ಕರೆಂಟೇ ಕಲಬೆರಕೆ! ವಿದ್ಯುತ್ ಇಲಾಖೆ ಮೇಲೆ ಕೇಸು ಹಾಕ್ತೀನಿ!” ಎಂದು ಸಾಹೇಬರು ಫೋನು ಎತ್ತಿಯೇಬಿಟ್ಟರು.

“ಅಳಿಯಂದಿರೇ, ಕೇಸು ಆಮೇಲೆ ಹಾಕಿ. ಮೊದಲು ನನ್ನ ಡಬ್ಬಿ ಕೊಡಿ,” ಎಂದರು ಅತ್ತೆ. “ನಿನ್ನೆಯಿಂದ ಎಷ್ಟು ಹಿತವಾಗಿ ಕಾಯ್ತಿದೆ ಗೊತ್ತಾ! ಮೊದಲಿನ ಡಬ್ಬಿ ಇಷ್ಟು ಕಾಯ್ತಾನೇ ಇರ್ಲಿಲ್ಲ. ಅದು ಸ್ವಲ್ಪ ದಪ್ಪಗೂ ಇತ್ತು.”

ಹೆಂಡತಿಯ ಕಿವಿ ನೆಟ್ಟಗಾಯಿತು. “ಮೊದಲಿನ ಡಬ್ಬಿನಾ? ದಪ್ಪಗಿತ್ತಾ?”

ಡಬ್ಬಿ ಕೈಗೆ ತೆಗೆದುಕೊಂಡರು. ಸುಡುತ್ತಿತ್ತು. ಅದರ ಬೆನ್ನಿನ ಮೇಲೆ ‘ಮೇಡಂ’ ಎಂಬ ದಪ್ಪಕ್ಷರದ ಚೀಟಿ. ನಿನ್ನೆ ಊಟದ ಹೊತ್ತಿಗೆ ಸಾಹೇಬರು ಅಭಿನಯಿಸಿ ತೋರಿಸಿದ್ದರಲ್ಲ, ಥೇಟ್ ಹಾಗೆಯೇ ಆಕೆ ಉಗುರಿನಿಂದ ಕೆರೆದರು. ಕೆಳಗೆ ಕಂಪನಿಯ ಮೂಲ ಚೀಟಿ ಕಾಣಿಸಿತು. 45 ವ್ಯಾಟ್.

ಲ್ಯಾಪ್‌ಟಾಪನ್ನು ಬಟಾಣಿಯ ಸಿಂಹಾಸನದಿಂದ ಎತ್ತಿ ಅಡಿಭಾಗ ಓದಿದರು. ಬೇಕಾದದ್ದು 90 ವ್ಯಾಟ್.

ಆಮೇಲೆ ಸಾಹೇಬರ ಮೇಜಿಗೆ ನಡೆದರು. ಅಲ್ಲಿ ಅವರ ಹಳೆಯ, ಭಾರಿ ಗಾತ್ರದ ಲ್ಯಾಪ್‌ಟಾಪಿನಲ್ಲಿ ಅರ್ಧ ಆಡಿ ಬಿಟ್ಟ ಇಸ್ಪೀಟಾಟ ತೆರೆದುಕೊಂಡಿತ್ತು. ಅದಕ್ಕೆ ಸಿಕ್ಕಿಸಿದ ದಪ್ಪ ಡಬ್ಬಿಯ ಮೇಲೆ ‘ಸಾಹೇಬರು’. ಕೆರೆದರೆ, 90!

“ಇನ್ಸ್‌ಪೆಕ್ಟರೇ, ಎರಡಕ್ಕೂ ಒಂದೇ ಥರ ಪಿನ್ನು. ಯಾವುದು ಯಾರದು ಅಂತ ಹೇಗೆ ತೀರ್ಮಾನ ಮಾಡಿದ್ರಿ?”

“ಅದು… ಅಳೆದೂ ಸುರಿದೂ…”

“ಅಳೆದ್ರಾ?”

“ಅಳೀಲಿಲ್ಲ. ನಂದು ದೊಡ್ಡ ಲ್ಯಾಪ್‌ಟಾಪು, ನಿಂದು ತೆಳ್ಳಗಿದೆ. ದೊಡ್ಡದಕ್ಕೆ ದೊಡ್ಡ ಡಬ್ಬಿ, ಸಣ್ಣದಕ್ಕೆ ಸಣ್ಣದು ಅಂತ… ಹೀಗೆ ನೋಡಿ…”

“ಹೀಗೆ ನೋಡಿ?”

“ಕಣ್ಣಳತೇಲಿ…” ಎಂದು ಸಾಹೇಬರು ನೆಲ ನೋಡಿದರು.

ಅತ್ತೆಯ ಹೆಣಿಗೆಯ ಕಡ್ಡಿ ನಿಂತುಹೋಯಿತು.

ಹೆಂಡತಿ ರೇಗುತ್ತಾರೆ ಎಂದು ಸಾಹೇಬರು ಕಾದರು. ಆಕೆ ರೇಗಲಿಲ್ಲ. ಲ್ಯಾಪ್‌ಟಾಪಿನ ಬೆನ್ನು ಸವರಿ, “ಪಾಪ ರೀ ಇದು. ಅರ್ಧ ಹೊಟ್ಟೇಲಿ ಪೂರ್ತಿ ಓಡಿದ್ರೆ ಬಿದ್ದುಹೋಗ್ತೀನಿ ಅಂತ ತಾನೇ ನಿಧಾನ ಮಾಡ್ಕೊಂಡಿದೆ. ಬ್ಯಾಟರಿಲಿ ಹೊಟ್ಟೆ ತುಂಬ ಸಿಕ್ತು, ಓಡ್ತು. ಆದ್ರೆ ನಿಲ್ಲಿಸಿಲ್ಲ ನೋಡಿ, ರಾತ್ರಿಯಿಡೀ ಕೆಲಸ ಮಾಡಿದೆ,” ಎಂದರು.

ಸಾಹೇಬರು ಲ್ಯಾಪ್‌ಟಾಪಿನ ಕಡೆ ತಿರುಗಿದರು. ಅರ್ಧ ಪಡಿ ಕೊಟ್ಟವರು ತಾವು. ಅದು ಜಗಳ ತೆಗೆಯಲಿಲ್ಲ, ಸುಳ್ಳು ಲೆಕ್ಕ ಹೇಳಲಿಲ್ಲ, 0.39 ಎಂದರೆ 0.39 ಎಂದು ಮುಖಕ್ಕೇ ತೋರಿಸಿ ದುಡಿಯುತ್ತಲೇ ಇತ್ತು. ಇಷ್ಟು ಪ್ರಾಮಾಣಿಕವಾದದ್ದನ್ನು ಅವರು ಯಾವ ಅಂಗಡಿಯಲ್ಲೂ ಕಂಡಿರಲಿಲ್ಲ.

ದಪ್ಪ ಡಬ್ಬಿ ಸಿಕ್ಕಿಸಿದರು. 2.80. ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಅಂಕಿ ಇನ್ನೂ ಏರಿತು. 3.10… 3.40!

“ಲೇ, ಇದೇನೇ ಇದು? ಬರೆದದ್ದಕ್ಕಿಂತ ಜಾಸ್ತಿ ಕೊಡ್ತಿದೆ!”

“ಹೊಟ್ಟೆ ತುಂಬಿ, ಮೈ ತಣ್ಣಗಿದ್ರೆ ಸ್ವಲ್ಪ ಹೊತ್ತು ಹಾಗೆ ಓಡುತ್ತೆ ರೀ. ಬಟಾಣಿದೂ ಒಂದಿಷ್ಟು ಪುಣ್ಯ ಇರಬಹುದು.”

ಸಾಹೇಬರು ಎದ್ದು ನಿಂತು ಲ್ಯಾಪ್‌ಟಾಪಿಗೆ ಕೈ ಮುಗಿದರು. ತಮಾಷೆಗಲ್ಲ. ಬರೆದದ್ದಕ್ಕಿಂತ ಹೆಚ್ಚು ಕೊಟ್ಟವರನ್ನು ಅವರು ನೌಕರಿಯಲ್ಲಿ ಇದೇ ಮೊದಲು ಕಂಡದ್ದು.

ಸಂಜೆಯ ಕಾಫಿ ಮುಗಿಯುವಷ್ಟರಲ್ಲಿ ನಕ್ಷತ್ರ ಹುಟ್ಟಿತ್ತು.

ಭಾನುವಾರ ತಾರಾಲಯದ ಗುಮ್ಮಟದ ಕೆಳಗೆ ದೀಪ ಆರಿತು. ತಲೆಯ ಮೇಲೆ ಕಪ್ಪು ಮೋಡವೊಂದು ಮೆಲ್ಲಗೆ ಸುತ್ತತೊಡಗಿತು, ಕುಗ್ಗಿತು, ನಡುವೆ ಕೆಂಪಗಾಯಿತು, ಆಮೇಲೆ ಒಮ್ಮೆಲೇ ಇಡೀ ಗುಮ್ಮಟ ಬೆಳಗಿಹೋಯಿತು. ಅಷ್ಟು ಹೊತ್ತು ಗಲಾಟೆ ಮಾಡುತ್ತಿದ್ದ ಮಕ್ಕಳೆಲ್ಲ “ಹಾ!” ಎಂದರು. ಎಲ್ಲರಿಗಿಂತ ಜೋರಾಗಿ ಅಂದವರು ಅಳತೆ ಸಾಹೇಬರು. ಇದು ತಮ್ಮ ಊಟದ ಮೇಜಿನ ಮೇಲೆ ಹುಟ್ಟಿದ್ದು, ಇದನ್ನು ಹುಟ್ಟಿಸಿದವಳು ತಮ್ಮ ಹೆಂಡತಿ ಎಂದುಕೊಂಡು ಕಣ್ಣೊರೆಸಿಕೊಂಡರು. ಕತ್ತಲಲ್ಲಿ ಆಕೆಯ ಕೈ ಹುಡುಕಿ ಹಿಡಿದುಕೊಂಡರು.

ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ತಿರುಗಿ ಕೇಳಿದಳು. “ಅಂಕಲ್, ಆ ನಕ್ಷತ್ರ ಎಷ್ಟು ದೊಡ್ಡದು?”

ಸಾಹೇಬರು ಅಭ್ಯಾಸಬಲದಿಂದ ಕತ್ತೆತ್ತಿ ಒಮ್ಮೆ ನೋಡಿದರು. ಹೇಳಲು ಬಾಯಿ ತೆರೆದರು. ಪಕ್ಕದಲ್ಲಿ ಹೆಂಡತಿ ಮೆಲ್ಲಗೆ ಕೆಮ್ಮಿದರು.

“ಕಣ್ಣಳತೇಲಿ ಹೇಳಬಾರದು ಪುಟ್ಟಾ,” ಎಂದರು ಸಾಹೇಬರು ತಗ್ಗಿದ ದನಿಯಲ್ಲಿ. “ತಿರುಗಿಸಿ, ಹಿಂದಿರೋ ಚೀಟಿ ಓದ್ಬೇಕು.”

“ಮೇಲೆ ‘ಸಾಹೇಬರು’ ಅಂತ ಅಂಟಿಸಿದ್ರೆ ಕೆರೆದು ನೋಡು ಮಗೂ!” ಎಂದು ಕತ್ತಲಿಂದ ಅತ್ತೆಯ ದನಿ ಬಂತು.