ನಿಮಗ ಕೆಲಸ ಐತೇನ್ರಿ?

ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದೇ ತೊಂಬತ್ತರ ದಶಕದಲ್ಲಿ ನನ್ನ ಸರ್ಕಾರಿ ಕೆಲಸವಾಗಿತ್ತು. ಇಂಥದ್ದನ್ನು ಕೇಳುವವನನ್ನು ಜನ ಸುಮ್ಮನೆ ಕಳಿಸುತ್ತಾರೆಯೇ? ಊರಿಗೊಂದು ಫಜೀತಿ ತಪ್ಪುತ್ತಿರಲಿಲ್ಲ.

ಏನೂ ಮಾಡದಾಕಿ

ಮೇಲವಂಕಿಯಲ್ಲಿ ಒಬ್ಬ ರೈತನನ್ನು, "ನಿಮ್ಮ ಮನಿಯವರು ಏನ್ ಮಾಡ್ತಾರ್ರಿ?" ಎಂದು ಕೇಳಿದೆ.

"ಏನೂ ಇಲ್ರಿ, ಮನ್ಯಾಗ ಇರ್ತಾಳ."

ಎಮ್ಮೆ ಹಿಂಡುತ್ತಿದ್ದ ಹೆಂಡತಿ ತಲೆ ಎತ್ತಿ ನೋಡಿದಳು. ಮರುದಿನ ನಾನು ಬಸ್ಸಿಳಿಯುವಷ್ಟರಲ್ಲಿ ಆತ ಸೈಕಲ್ ಹೊಡೆದುಕೊಂಡು ಬಂದ.

"ಸಾಹೇಬ್ರ, ಆಕಿಗೆ ಕೆಲಸ ಐತಿ ಅಂತ ಬರದ್ಬಿಡ್ರಿ. ಏನೂ ಮಾಡದಾಕಿ ಚಾ ಯಾಕ ಮಾಡ್ಲಿ ಅಂತ ಕುಂತಾಳ್ರಿ. ಎಮ್ಮಿ ಬ್ಯಾರೆ ಒದರಾಕತ್ತೈತಿ."

ಸಿಕ್ಕರೆ ಮಾಡುವವನು

ಕೆಲಸವಿಲ್ಲದಿದ್ದರಷ್ಟೇ ಸಾಲದು, ಸಿಕ್ಕರೆ ಮಾಡಲು ತಯಾರಿರಬೇಕು. ಆಗಲೇ ನಮ್ಮ ಲೆಕ್ಕದಲ್ಲಿ ನಿರುದ್ಯೋಗಿ. ಮೂಡಲಗಿಯ ಒಬ್ಬ ತರುಣನಿಗೆ ಹಾಗೇ ಕೇಳಿದೆ. ಆತ ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ಚಪ್ಪಲಿ ಮೆಟ್ಟಿದ.

"ನಡೀರಿ."

"ಎಲ್ಲಿಗೆ?"

"ಕೆಲಸಕ್ಕ."

ಇದು ಬರೀ ಪ್ರಶ್ನೆ, ಕೆಲಸ ಕೊಡುವವನು ನಾನಲ್ಲ ಎಂದು ತಿಳಿಸಿ ಹೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಕೊಡಾಕ ಕೆಲಸ ಇಲ್ಲ, ಬಿಸಲಾಗ ಕೇಳ್ಕೋತ ತಿರಗಾಕತ್ತೀರಿ. ನಿಮಗರ ಏನಾರ ಕೆಲಸ ಐತೇನ್ರಿ?"

ಮನೆತನ ನೋಡಲು ಬಂದವರು

ಹುಕ್ಕೇರಿಯಲ್ಲಿ ಒಂದು ಮನೆಗೆ ಹೋದಾಗ ಹೆಣ್ಣಿನ ಕಡೆಯವರು ಮನೆತನ ನೋಡಲು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಹುಡುಗ ಬಿ.ಎ. ಪಾಸು. ನೌಕರಿ ಇಲ್ಲವೆಂದು ಹಿಂದಿನ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಇದೂ ತಪ್ಪುತ್ತದೆಂದು ಅವನಪ್ಪ ಬೆವರುತ್ತಿದ್ದ. ನನ್ನನ್ನು ಕಂಡ ಹುಡುಗಿಯ ಕಾಕಾ ಬಿಡಲಿಲ್ಲ.

"ನೀವು ಸರ್ಕಾರದವ್ರು, ನೀವ ಕೇಳಿ ಖರೆ ಹೇಳ್ರಿ. ಹುಡುಗಗ ಕೆಲಸ ಐತೋ ಇಲ್ಲೋ?"

ಕೇಳಿದೆ. ತನ್ನ ಚಿಕ್ಕಪ್ಪನ ಮಗ ಊಟಕ್ಕೆ ಹೋದಾಗ ಅವನ ಎಸ್‌ಟಿಡಿ ಬೂತಿನಲ್ಲಿ ಹುಡುಗ ಒಂದು ತಾಸು ಕೂತಿದ್ದನಂತೆ. ವಾರವೆಲ್ಲ ಮಾಡಿದ್ದು ಅಷ್ಟೇ. ಆದರೆ ವಾರದಲ್ಲಿ ಒಂದು ತಾಸು ದುಡಿದರೂ ಅಂಥವನನ್ನು ಉದ್ಯೋಗಿ ಎಂದೇ ಬರೆಯಬೇಕೆನ್ನುವುದು ನಮ್ಮ ನಿಯಮ. ನನಗೂ ಆ ಅಪ್ಪನನ್ನು ನೋಡಿ ಪಾಪ ಅನಿಸಿತ್ತು.

"ಸರ್ಕಾರದ ಲೆಕ್ಕದಾಗ ಹುಡುಗ ಉದ್ಯೋಗಿನ ರಿ," ಎಂದೆ.

ಅಪ್ಪನ ಮುಖ ಅರಳಿತು. ಒಳಗಿಂದ ಅವಲಕ್ಕಿ ಬಂತು. ಆದರೆ ಕಾಕಾ ಎಲ್ಲವನ್ನೂ ಕೆದಕಿ ಕೇಳುವ ಮನುಷ್ಯ.

"ದಿನಾ ಎಷ್ಟ್ ತಾಸಿನ ಕೆಲಸರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ದಿನಾ ಅಲ್ರಿ. ವಾರಕ್ಕ ಒಂದ ತಾಸು."

ಹುಡುಗನ ಅಪ್ಪ ಗೋಡೆಗೆ ಒರಗಿದ. ಕಾಕಾ ಮಾತ್ರ ಅವಲಕ್ಕಿ ತಾಟು ಕೆಳಗಿಟ್ಟು, ಹುಡುಗಿಯ ಅಪ್ಪನ ಕಿವಿಯ ಹತ್ತಿರ ಬಾಗಿದ.

"ಅಣ್ಣಾ, ವಾರಕ್ಕ ಒಂದ ತಾಸಂತ. ಇದು ಪಕ್ಕಾ ಸರ್ಕಾರಿ ನೌಕರಿನ. ಹುಡುಗನ್ನ ಬಿಡಬ್ಯಾಡ."