ಪಂಪು ನಿರಪರಾಧಿ

ಬೆಳಗಾಗುತ್ತಲೇ ಬಾಗಿಲ ಗಂಟೆ ಒತ್ತಿದವರು ಕಟ್ಟಡ ಸಂಘದ ಕಾರ್ಯದರ್ಶಿಗಳು. ಅವರ ಮುಖದಲ್ಲಿ ನೆಲದಡಿಯ ನಿಧಿಯನ್ನು ಕಂಡವನ ಕಳೆಯಿತ್ತು.

"ಸಿಕ್ಬಿಡ್ತು ಮೇಷ್ಟ್ರೇ!"

"ಏನು?"

"ಮಕ್ಕಳ ಆಟಿಸಂಗೆ ಕಾರಣ! ನೆಲಮಾಳಿಗೆಯ ನೀರಿನ ಪಂಪು. ಸದ್ದಿನ ಮೇಲೆ ಎಲ್ಲೋ ಸಂಶೋಧನೆ ಮಾಡಿದಾರಂತೆ, ಫೋನಿಗೆ ಬಂದಿದೆ. ನಮ್ಮಲ್ಲಿ ಪಂಪಿದೆ, ಅಂಥ ಮಕ್ಕಳು ಐದು. ಎದುರು ಕಟ್ಟಡದಲ್ಲಿ ಪಂಪಿಲ್ಲ, ಅಂಥ ಮಕ್ಕಳೂ ಇಲ್ಲ. ಸಂಜೆ ಸಭೆ. ಹಳೇದು ಗುಜರಿಗೆ, ಸದ್ದಿಲ್ಲದ್ದು ಒಳಗೆ!"

ಆಟಿಸಂಗೆ ಪರಿಸರದಲ್ಲೇನಾದರೂ ಕಾರಣವುಂಟೇ ಎಂದು ಅರಸುವ ಸಂಶೋಧನಾ ಪ್ರಬಂಧಗಳನ್ನು ತೂಗಿ ನೋಡುವುದೇ ಮೇಷ್ಟರ ವೃತ್ತಿ. ಹೊಗೆಯಾಗಲಿ, ಬಣ್ಣವಾಗಲಿ, ಕೀಟನಾಶಕವಾಗಲಿ, ಯಾವುದರ ಮೇಲೆ ಆರೋಪ ಬಂದರೂ ನ್ಯಾಯಾಧೀಶರಂತೆ ಕುಳಿತು ಓದಿ, ಬಹುಪಾಲು ಪ್ರಬಂಧಗಳ ಅಡಿಯಲ್ಲಿ 'ಸಾಕ್ಷ್ಯ ಸಾಲದು' ಎಂದು ಬರೆಯುವರು. ಆ ಕಾರಣದಿಂದ ಬೀದಿಗೆ ಬೀದಿಯೇ ಅವರನ್ನು 'ಸಾಲದು ಮೇಷ್ಟ್ರು' ಎನ್ನುತ್ತಿತ್ತು.

ಆದರೆ ಈ ಮೊಕದ್ದಮೆಯಲ್ಲಿ ನ್ಯಾಯಾಧೀಶರಿಗೇ ಸಂಕಟವಿತ್ತು. ಐದು ಮಕ್ಕಳಲ್ಲಿ ಒಬ್ಬಳು ಅವರ ಮಗಳು. ಶಾಲೆಯ ಗದ್ದಲವನ್ನೆಲ್ಲ ತಲೆಯಲ್ಲಿ ಹೊತ್ತು ಬಂದ ಹುಡುಗಿ ಸಂಜೆ ಹಜಾರದ ಗೋಡೆಗೆ ಕೆನ್ನೆಯಿಟ್ಟು ಪಂಪಿನ ಗುಂಯ್‌ಕಾರವನ್ನು ಆಲಿಸುವಳು. ಆಲಿಸುತ್ತ ಆಲಿಸುತ್ತ ಕಲಕಿದ ಕೊಳದಂತೆ ಮೆಲ್ಲನೆ ತಿಳಿಯಾಗುವಳು. ಪಂಪು ದುರಸ್ತಿಗೆ ಹೋಗಿದ್ದ ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿರಲಿಲ್ಲ.

ಅವರು ಕೆಲಸಕ್ಕೆ ರಜೆ ಹಾಕಿ ಮನೆಮನೆಗೆ ಹೊರಟರು. ಆ ಮಕ್ಕಳು ಹುಟ್ಟಿದಾಗ ಪಂಪಲ್ಲದೆ ಬೇರೆ ನೂರೆಂಟು ಸಂಗತಿಗಳಿದ್ದವೆಂದು ತೋರಿಸಿಕೊಟ್ಟರೆ ಪಂಪು ಉಳಿದೀತೆಂದು ಅವರ ಎಣಿಕೆ.

"ದೊಡ್ಡಮ್ಮ, ಮೊಮ್ಮಗ ಹುಟ್ಟಿದ ವರ್ಷ ಮನೇಲಿ ಏನಾದ್ರೂ ಹೊಸದು ಬಂದಿತ್ತಾ?" ಎಂದು ಮೇಲ್ಮನೆಯ ಹಿರಿಯಾಕೆಯನ್ನು ಕೇಳಿದರು.

"ಕಿಟಕಿಗೆ ಪರದೆ ಹಾಕಿಸಿದ್ವಿ ಕಣಪ್ಪ."

"ನೋಡಿದ್ರಾ! ಹಾಗಂತ ಪರದೆ ಕಾರಣ ಅನ್ನೋಕಾಗತ್ತಾ?"

ಮೇಷ್ಟರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಪರದೆಗಳು ಕಿಟಕಿಯಿಂದ ಇಳಿದು ಅಂಗಳದಲ್ಲಿ ಬಿದ್ದಿದ್ದವು. ಅದೇ ಪ್ರಶ್ನೆಗೆ ಟೈಲರನ ಮನೆಯಿಂದ ಸೋಫಾ ಹೊರಬಿತ್ತು. ನಿವೃತ್ತ ಪೋಸ್ಟ್‌ಮಾಸ್ಟರರ ಮನೆಗೆ ಆ ವರ್ಷ ಬಂದು ನೆಲೆಸಿದ್ದವನು ಅವರ ಭಾವಮೈದುನ. ಅವನೂ ಪೆಟ್ಟಿಗೆಸಮೇತ ಹೊರಬಿದ್ದ.

ಪೋಸ್ಟ್‌ಮಾಸ್ಟರರು ಮೇಷ್ಟರ ಕೈಹಿಡಿದು, "ವಿಜ್ಞಾನ ಅಂದ್ರೆ ಇದು ಸ್ವಾಮಿ! ಅವನನ್ನ ಕಳಿಸೋಕೆ ಎಷ್ಟು ವರ್ಷದಿಂದ ಒಂದು ಕಾರಣ ಹುಡುಕ್ತಿದ್ದೆ" ಎಂದು ಕಣ್ಣೊರೆಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಅಂಗಳವು ದಿವಾಳಿಯೆದ್ದವನ ಮನೆಯ ಹರಾಜಿನಂತೆ ಕಂಡಿತು. ಪಂಪಿನ ಮೇಲಿನ ಅನುಮಾನ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ.

ಸಂಜೆ ಅಂಗಳದಲ್ಲಿ, ಅದೇ ಸೋಫಾದ ಸುತ್ತ ಸಭೆ ಸೇರಿತು. ಮೇಷ್ಟರು ಎದ್ದುನಿಂತರು.

"ಮಡಕೆ ಆಗೋ ಮುಂಚೆ ಮಣ್ಣು ಹೊತ್ತು ತಂದ ಕತ್ತೆ ಅಲ್ಲೇ ನಿಂತಿರತ್ತೆ. ಹಾಗಂತ ಮಡಕೆಗೆ ಕತ್ತೆ ಕಾರಣ ಅಂತೀವಾ?"

"ಕತ್ತೆ ಅಂತ ಯಾರಿಗಂದ್ರಿ?" ಕಾರ್ಯದರ್ಶಿಗಳು ಸೋಫಾದಿಂದ ಪುಟಿದರು.

"ಪಂಪಿಗೆ ಸ್ವಾಮಿ, ಪಂಪಿಗೆ! ಅದು ಬಂದು ಇಪ್ಪತ್ತು ವರ್ಷ. ಈ ಮಕ್ಕಳ ವಿಷಯ ಗೊತ್ತಾಗಿದ್ದು ಈಚೆಗೆ, ನನ್ನ ಹೆಂಡತಿ ಈ ಕಟ್ಟಡಕ್ಕೆ ಬಂದ್ಮೇಲೆ. ಮಕ್ಕಳಿಗೆ ಮಾತು ಕಲಿಸೋದು ಅವಳ ಕೆಲಸ. ನೀವು ಮೊಂಡು, ನಾಚಿಕೆ ಅಂತ ಬಿಟ್ಟಿದ್ದ ಮಕ್ಕಳನ್ನ ಗುರುತಿಸಿ ಡಾಕ್ಟರ ಹತ್ರ ಕಳಿಸಿದ್ಲು. ಎದುರು ಕಟ್ಟಡದಲ್ಲೂ ಇರಬಹುದು, ನೋಡೋರಿಲ್ಲ, ಅಷ್ಟೇ!"

ಸಭೆಯಲ್ಲಿ ಹಲವು ತಲೆಗಳು ಹೌದೆಂದು ಆಡಿದವು. ಮೇಷ್ಟರ ಎದೆ ತಂಪಾಯಿತು.

ಕಾರ್ಯದರ್ಶಿಗಳು ಗಲ್ಲ ತುರಿಸಿಕೊಂಡರು. "ಅಂದ್ರೆ ನಿಮ್ಮ ಮನೆಯವರು ಬರೋ ಮುಂಚೆ ಇಲ್ಲಿ ಒಂದೂ ಇರ್ಲಿಲ್ಲ."

"ಗೊತ್ತಾಗಿರ್ಲಿಲ್ಲ."

"ಬಂದ್ಮೇಲೆ ಐದು. ಎದುರು ಕಟ್ಟಡಕ್ಕೆ ಅವರು ಹೋಗಿಲ್ಲ. ಅಲ್ಲಿ ಒಂದೂ ಇಲ್ಲ."

"ಹೌದು, ಆದರೆ..."

ಇದ್ದೆಡೆ ಉಂಟು, ಇಲ್ಲದೆಡೆ ಇಲ್ಲ: ಅನ್ವಯವೂ ವ್ಯತಿರೇಕವೂ ಇಷ್ಟು ಚೊಕ್ಕವಾಗಿ ಕೂಡಿಬಂದ ವಾದವನ್ನು ಮೇಷ್ಟರು ತಾವು ತೂಗಿದ ಯಾವ ಪ್ರಬಂಧದಲ್ಲಿಯೂ ಕಂಡಿರಲಿಲ್ಲ.

"ಪಾಪ, ಒಳ್ಳೆ ಹೆಣ್ಣುಮಗಳು," ಎಂದರು ಪೋಸ್ಟ್‌ಮಾಸ್ಟರರು. "ಆದ್ರೂ ವಿಜ್ಞಾನ ವಿಜ್ಞಾನಾನೇ."

ಸರ್ವಾನುಮತದಿಂದ ತೀರ್ಮಾನವಾಯಿತು: ಪಂಪು ನಿರಪರಾಧಿ, ಅದು ಇದ್ದಲ್ಲೇ ಇರತಕ್ಕದ್ದು. ಮೇಷ್ಟರ ಸಂಸಾರ ತಿಂಗಳೊಳಗೆ ಮನೆ ಖಾಲಿ ಮಾಡತಕ್ಕದ್ದು.

ಮನೆಗೆ ಬಂದರೆ ಮಗಳು ಗೋಡೆಗೆ ಕೆನ್ನೆಯಿಟ್ಟು ನಿಂತಿದ್ದಳು. ಸುದ್ದಿ ಕೇಳಿ ಹೆಂಡತಿ, "ನಿಮ್ಮನ್ನ ಯಾರು ಮಾತಾಡೋಕೆ ಕಳಿಸಿದ್ರು? ಸುಮ್ಮನಿದ್ದಿದ್ರೆ ಪಂಪು ಮಾತ್ರ ಹೋಗ್ತಿತ್ತು" ಎಂದಳು. ಅಷ್ಟರಲ್ಲಿ ಯಾರೋ ಮೆಲ್ಲನೆ ಬಾಗಿಲು ತಟ್ಟಿದರು.

ಕಾರ್ಯದರ್ಶಿಗಳು ಅತ್ತಿತ್ತ ನೋಡಿ ಒಳನುಸುಳಿದರು. ಕಂಕುಳಲ್ಲಿ ಮೊಮ್ಮಗಳು.

"ತಾಯೀ, ಈ ಮಗು ಕರೆದ್ರೆ ತಿರುಗಲ್ಲ. ಇಡೀ ದಿನ ಆಟದ ಗಾಡಿಯ ಚಕ್ರ ತಿರುಗಿಸ್ತಾ ಕೂತಿರ್ತಾಳೆ. ನೀವು ಹೋಗೋ ಮುಂಚೆ ಒಂದ್ಸಲ ನೋಡ್ತೀರಾ?"

ಆಕೆ ಮಗುವಿನೊಡನೆ ನೆಲದ ಮೇಲೆ ಕುಳಿತು ಬಹಳ ಹೊತ್ತು ಆಡಿದಳು. ಮಗು ಎದ್ದುಹೋಗಿ ಮೇಷ್ಟರ ಮಗಳ ಪಕ್ಕದಲ್ಲಿ ನಿಂತು ತಾನೂ ಗೋಡೆಗೆ ಕೆನ್ನೆಯಿಟ್ಟಿತು.

"ಡಾಕ್ಟರಿಗೆ ತೋರಿಸೋಣ ಅಣ್ಣ. ಹೆದರಬೇಡಿ, ಜೊತೆಗೆ ನಾನೂ ಬರ್ತೀನಿ. ಬೇಗ ಗೊತ್ತಾದಷ್ಟೂ ಒಳ್ಳೇದು."

ಕಾರ್ಯದರ್ಶಿಗಳ ಕಣ್ಣು ತುಂಬಿತು. ಕೈಗಳು ತಾವಾಗಿ ಜೋಡಿಸಿಕೊಂಡವು. ಮೇಷ್ಟರ ಮನದಲ್ಲಿ ಆಸೆ ಚಿಗುರಿತು. ಬಾಗಿಲಿನವರೆಗೆ ಹೋದ ಕಾರ್ಯದರ್ಶಿಗಳು ಏನೋ ಹೊಳೆದವರಂತೆ ನಿಂತು, ಬೆರಳು ಮಡಿಸಿ ಎಣಿಸಿ, ಹಿಂದಿರುಗಿ ನೋಡಿದರು.

"ಅಲ್ಲಿಗೆ ಆರಾಯ್ತು. ಈಗಲಾದ್ರೂ ಸಾಕ್ಷ್ಯ ಸಾಕಾ, ಮೇಷ್ಟ್ರೇ?"